ಕೇಳುವ ಮೊದಲೇ ಕೊಡುವ ನೀರು: ನಮ್ಮ ಕಡೆಯ ದಿನನಿತ್ಯದ ಸೌಜನ್ಯಕ್ಕೊಂದು ಸಮಗ್ರ ಮಾರ್ಗದರ್ಶಿ

ನನ್ನ ಅಜ್ಜಿಯ ಮನೆ ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯಲ್ಲಿತ್ತು. ಬೇಸಿಗೆ ರಜೆಯ ಒಂದು ಮಧ್ಯಾಹ್ನ ಕಂಬಳಿ ಮಾರುವ ಮುದುಕರೊಬ್ಬರು ಹೆಗಲ ಮೇಲಿನ ಗಂಟನ್ನು ಕಟ್ಟೆಯ ಮೇಲಿಳಿಸಿ ಕುಳಿತರು. ಆಗ ನನಗೆ ಹತ್ತು ವರ್ಷವಿರಬೇಕು. ಬಾಗಿಲಲ್ಲಿ ನಿಂತು, "ನೀರು ಬೇಕಾ ಅಜ್ಜ?" ಎಂದು ಕೇಳಿದೆ. "ಬೇಡ ತಾಯಿ" ಎಂದರು. ನಾನು ಒಳಗೆ ಬಂದು ಆಟಕ್ಕೆ ಕುಳಿತೆ. ಅಜ್ಜಿ ಒಂದು ಮಾತನ್ನೂ ಆಡದೆ ತಾಮ್ರದ ಚೊಂಬಿನಲ್ಲಿ ನೀರು, ಅಂಗೈಯಗಲದ ತಟ್ಟೆಯಲ್ಲಿ ಒಂದು ಚೂರು ಬೆಲ್ಲ ತೆಗೆದುಕೊಂಡು ಹೋಗಿ ಅವರ ಪಕ್ಕದಲ್ಲಿಟ್ಟು ಬಂದರು. ಬೇಡವೆಂದಿದ್ದ ಮುದುಕರು ಇಡೀ ಚೊಂಬನ್ನು ಖಾಲಿ ಮಾಡಿದರು. ಅವರು ಹೋದ ಮೇಲೆ ಅಜ್ಜಿ ನನ್ನನ್ನು ಕರೆದು ಹೇಳಿದರು: "ಬೇಕಾ ಎಂದು ಕೇಳಿದರೆ ಮಾನವಂತರು ಬೇಡ ಎನ್ನುತ್ತಾರೆ. ನೀರನ್ನು ಕೇಳಬಾರದು, ಕೊಡಬೇಕು."

ಈಗ ದಾವಣಗೆರೆಯಲ್ಲಿ ಸಂಸಾರ ಹೂಡಿ ಮೂರು ದಶಕವಾಗಿದೆ. ಸೌಜನ್ಯದ ಬಗ್ಗೆ ನಾನು ಕಲಿತದ್ದೆಲ್ಲ ಆ ಒಂದು ಮಾತಿನ ಸುತ್ತಲೇ ಇದೆ. ಎದುರಿನವರಿಗೆ ಬಾಯಿ ಬಿಟ್ಟು ಕೇಳುವ ಸಂಕೋಚವನ್ನು ತಪ್ಪಿಸಬೇಕು. ನೀರಿರಲಿ, ಕುಳಿತುಕೊಳ್ಳಲು ಜಾಗವಿರಲಿ, ಕೊಟ್ಟ ಸಾಲವಿರಲಿ, ಕ್ಷಮೆಯೇ ಇರಲಿ, ಅವರು ಕೇಳುವ ಹೊತ್ತಿಗೆ ನಾವು ತಡಮಾಡಿಯಾಗಿರುತ್ತದೆ. ಮಕ್ಕಳಿಗೆ ಕಲಿಸುವವರಿಗೆ, ಹೊಸದಾಗಿ ನಮ್ಮ ಊರಿಗೆ ಬಂದವರಿಗೆ, ತಿಳಿದೂ ಮರೆಯುತ್ತಿರುವ ನಮ್ಮಂಥವರಿಗೆ ಇದನ್ನು ಹೆಜ್ಜೆಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕರೆಯುವ ಮಾತನ್ನು ಸರಿಮಾಡಿಕೊಳ್ಳಿ

ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಕೊನೆಯಲ್ಲಿ. "ಬಾ" ಎನ್ನುವುದಕ್ಕೂ "ಬನ್ನಿ" ಎನ್ನುವುದಕ್ಕೂ ಇರುವುದು ಒಂದೇ ಅಕ್ಷರದ ಅಂತರ. ಆ ಅಕ್ಷರ ಕೇಳಿಸಿತೇ ಇಲ್ಲವೇ ಎಂಬುದನ್ನು ಎದುರಿನವರು ರಾತ್ರಿ ಮಲಗುವವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಆದ್ದರಿಂದ ನಿಯಮ ಸರಳ: ಗುರುತಿಲ್ಲದ ದೊಡ್ಡವರೆಲ್ಲರಿಗೂ ಬಹುವಚನ. ಆಟೋ ಓಡಿಸುವವರು, ತರಕಾರಿ ಮಾರುವವರು, ಬೆಳಗಿನ ಜಾವ ಬೀದಿ ಗುಡಿಸುವ ಪೌರಕಾರ್ಮಿಕರು, ಗ್ಯಾಸ್ ಸಿಲಿಂಡರ್ ಹೊತ್ತು ಮೂರನೇ ಮಹಡಿ ಹತ್ತಿ ಬರುವ ಹುಡುಗ, ಎಲ್ಲರೂ "ನೀವು". ವಯಸ್ಸಿನಲ್ಲಿ ಚಿಕ್ಕವರು ಎಂಬುದು ಏಕವಚನಕ್ಕೆ ಪರವಾನಗಿಯಲ್ಲ. ಸಲುಗೆ ಬೆಳೆದ ಮೇಲೆ ಅವರೇ "ನೀನು ಅನ್ನಿ ಅಕ್ಕ" ಎಂದರೆ ಆಗ ನೋಡೋಣ.

ನಮ್ಮ ಕಡೆಯ ಹೆಸರುಗಳನ್ನು ಗಮನಿಸಿ. ಹನುಮಂತಪ್ಪ, ತಿಪ್ಪೇಸ್ವಾಮಿ, ಕೆಂಚಮ್ಮ, ಓಬಣ್ಣ. ಅಪ್ಪ, ಅಮ್ಮ, ಅಣ್ಣ, ಸ್ವಾಮಿ ಎಂಬ ಗೌರವವನ್ನು ಹೆತ್ತವರು ಹೆಸರಿನಲ್ಲಿಯೇ ಹೆಣೆದುಬಿಟ್ಟಿದ್ದಾರೆ. ಹಾಗಿದ್ದೂ ಹತ್ತು ಎಕರೆ ತೋಟವಿರುವವರು ಹನುಮಂತಪ್ಪನವರಾಗುತ್ತಾರೆ, ಅದೇ ತೋಟದಲ್ಲಿ ಅಡಿಕೆ ಸುಲಿಯುವವರು ಬರೀ ಹನುಮ ಆಗುತ್ತಾರೆ. ಹೆಸರಿನ ಬಾಲವನ್ನು ಕತ್ತರಿಸುವ ಈ ಅಭ್ಯಾಸ ಎಷ್ಟು ಹಳೆಯದೆಂದರೆ ಕತ್ತರಿಸುವವರಿಗೆ ಅದು ಗೊತ್ತಾಗುವುದೇ ಇಲ್ಲ. ಕತ್ತರಿಸಿಕೊಂಡವರಿಗೆ ಗೊತ್ತಾಗುತ್ತದೆ. ಇಂದೇ ಒಂದು ಕೆಲಸ ಮಾಡಿ: ನಿಮ್ಮ ಮನೆಗೋ ಅಂಗಡಿಗೋ ಕೆಲಸಕ್ಕೆ ಬರುವವರ ಪೂರ್ತಿ ಹೆಸರೇನೆಂದು ತಿಳಿದುಕೊಳ್ಳಿ, ನಾಳೆಯಿಂದ ಅದೇ ಹೆಸರಿನಿಂದ ಕರೆಯಿರಿ.

ಹೆಸರು ಗೊತ್ತಿಲ್ಲದಾಗ ಅಣ್ಣ, ಅಕ್ಕ ಎಂಬೆರಡು ಮಾತುಗಳು ಸಾಕು, ಎಲ್ಲಿಯೂ ಕೈಕೊಡುವುದಿಲ್ಲ. ತುಂಬ ಹಿರಿಯರಿಗೆ ಅಜ್ಜ, ಅಮ್ಮ, ಯಜಮಾನರೇ. ನಲವತ್ತು ದಾಟಿದ ಹೆಣ್ಣುಮಗಳನ್ನು ಅವಸರದಲ್ಲಿ ಅಜ್ಜಿಯನ್ನಾಗಿ ಮಾಡಬೇಡಿ. ಮಠದ ಒಡನಾಟವಿರುವ ಮನೆಗಳಲ್ಲಿ "ಶರಣು" ಎಂದು ಕೈಮುಗಿಯುವ ರೂಢಿಯಿದೆ. ಅವರು ಶರಣು ಎಂದರೆ ನೀವೂ ಶರಣು ಎನ್ನಿ. ಮುಸ್ಲಿಂ ಹಿರಿಯರನ್ನು ಹೆಸರಿಗೆ "ಸಾಹೇಬರೇ" ಸೇರಿಸಿ ಕರೆಯಬಹುದು. ಆದರೆ ಧರ್ಮವನ್ನೋ ಕಸುಬನ್ನೋ ಹಿಡಿದು "ಏ ಸಾಬಿ", "ಏ ಆಟೋ" ಎಂದು ಕೂಗುವುದು ಬಯ್ಗುಳಕ್ಕೆ ಸಮ.

ಇದೇ ಸಾಲಿಗೆ ಸೇರಬೇಕಾದ ಇನ್ನೊಂದು ಪ್ರಶ್ನೆಯಿದೆ: "ನೀವು ಯಾವ ಪೈಕಿ?" ಬಾಡಿಗೆಗೆ ಮನೆ ನೋಡಲು ಬಂದವರಿಗೆ, ಬಸ್ಸಿನಲ್ಲಿ ಪಕ್ಕ ಕುಳಿತವರಿಗೆ, ಮಗಳ ಗೆಳತಿಗೆ ಈ ಪ್ರಶ್ನೆ ಕೇಳುವವರು ಅದನ್ನು ಕುಶಲೋಪರಿ ಎಂದೇ ತಿಳಿದಿದ್ದಾರೆ. ಜಾತಿ ಕೇಳುವುದು ಕುಶಲೋಪರಿಯಲ್ಲ. ಊರು ಕೇಳಿ, ಮಳೆ ಬೆಳೆ ಕೇಳಿ, ಮಕ್ಕಳ ಓದು ಕೇಳಿ.

ಎರಡನೇ ಹೆಜ್ಜೆ: ಬಂದವರನ್ನು ಬರಮಾಡಿಕೊಳ್ಳುವುದು

ಬಾಗಿಲು ತೆರೆದ ಮೇಲಿನ ಮೊದಲ ಎರಡು ನಿಮಿಷ ಉಳಿದ ಎರಡು ಗಂಟೆಯನ್ನು ತೀರ್ಮಾನಿಸುತ್ತದೆ. ಕ್ರಮ ಹೀಗಿರಲಿ. ಎದ್ದು ನಿಲ್ಲಿ. ಕುಳಿತಲ್ಲಿಂದಲೇ "ಬನ್ನಿ ಬನ್ನಿ" ಎಂದರೆ ಅದು ಬಾಯಿಮಾತಿನ ಸ್ವಾಗತ. ಟಿವಿಯ ಸದ್ದು ತಗ್ಗಿಸುವುದಲ್ಲ, ಆರಿಸಿಬಿಡಿ. ಫ್ಯಾನಿನ ಗುಂಡಿ ಒತ್ತಿ. ಕುರ್ಚಿಯ ಮೇಲಿನ ಮಡಿಸದ ಬಟ್ಟೆ ಎತ್ತಿ, ಇಂಥ ಕಡೆ ಕುಳಿತುಕೊಳ್ಳಿ ಎಂದು ಜಾಗ ತೋರಿಸಿ. ಹೊಸ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿರುವುದು ಅತಿಥಿಗೆ ದೊಡ್ಡ ಇಕ್ಕಟ್ಟು. ಆಮೇಲೆ ನೀರು.

ನಮ್ಮದು ಬಯಲುಸೀಮೆ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ತುಂಬಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದು ಕೋಡಿ ನೋಡಿದ ಕೂಸು ಮುಪ್ಪಾಗಿ ಇನ್ನೊಂದು ಕೋಡಿ ನೋಡಿದೆ. ಅಂಥ ಸೀಮೆಯಲ್ಲಿ ಕೊಡದ ತಳದ ನೀರನ್ನು ಬಂದವರಿಗೆ ಬಗ್ಗಿಸಿ ಕೊಡುತ್ತಿದ್ದ ಹೆಂಗಸರಿಂದ ಬಂದ ಪದ್ಧತಿ ಇದು. ಅತಿಥಿಗೂ ಇಲ್ಲೊಂದು ಪಾಠವಿದೆ: ಲೋಟದ ತುಂಬ ಬಗ್ಗಿಸಿಕೊಂಡು ಎರಡು ಗುಟುಕು ಕುಡಿದು ಉಳಿಸಬೇಡಿ. ಉಳಿದರೆ ಅಂಗಳದ ತುಳಸಿಗೋ ದಾಸವಾಳದ ಬುಡಕ್ಕೋ ಹಾಕಿ ಬನ್ನಿ.

ಚಹಾದ ವಿಷಯದಲ್ಲಿ "ಚಹಾ ಬೇಕಾ?" ಎನ್ನಬೇಡಿ. "ಚಹಾ ಮಾಡಲೋ ಕಾಫಿ ಮಾಡಲೋ?" ಎನ್ನಿ. ಮೊದಲನೆಯದಕ್ಕೆ ಬೇಡ ಎಂಬ ಉತ್ತರ ಸಿದ್ಧವಾಗಿರುತ್ತದೆ, ಎರಡನೆಯದಕ್ಕೆ ಬೇಡ ಎನ್ನಲು ದಾರಿಯೇ ಇಲ್ಲ. ಸಕ್ಕರೆ ಹಾಕಬಹುದೇ ಎಂದು ಮಾತ್ರ ಮೆಲ್ಲನೆ ಕೇಳಿ, ಈಗ ಮನೆಗೊಬ್ಬರಿಗೆ ಸಕ್ಕರೆ ಕಾಯಿಲೆಯಿದೆ. ತಿನ್ನಲು ಏನಿಲ್ಲದಿದ್ದರೂ ನಮ್ಮ ಊರಿನ ಮನೆಗಳಲ್ಲಿ ಡಬ್ಬಿ ತುಂಬ ಮಂಡಕ್ಕಿ ಇದ್ದೇ ಇರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಹುರಿಗಡಲೆ ಪುಡಿಯ ಒಗ್ಗರಣೆ ಕೊಡಲು ಐದು ನಿಮಿಷ ಸಾಕು.

ದೂರದಿಂದ ಬಂದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಬಚ್ಚಲು ಎಲ್ಲಿದೆ ಎಂದು ಅವರು ಕೇಳುವ ಮೊದಲೇ ತೋರಿಸಿಬಿಡಿ. "ಮುಖ ತೊಳೆದುಕೊಳ್ಳುವುದಿದ್ದರೆ ಬನ್ನಿ ಅಕ್ಕ" ಎಂದು ಒಳಗೆ ಕರೆದುಕೊಂಡು ಹೋದರೆ ಸಾಕು. ಬಸ್ಸಿನಲ್ಲಿ ಮೂರು ಗಂಟೆ ಕುಳಿತು ಬಂದ ಹೆಂಗಸು ಗಂಡಸರ ನಡುವೆ ಆ ಪ್ರಶ್ನೆ ಕೇಳಲಾರದೆ ಸಂಜೆಯವರೆಗೂ ಹಿಡಿದು ಕುಳಿತದ್ದನ್ನು ನಾನು ನೋಡಿದ್ದೇನೆ.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಕೆಲಸದವರಿಗೆ, ದಲಿತರಿಗೆ ಬೇರೆ ಲೋಟ ಇಡುವ ಮನೆಗಳು ಇನ್ನೂ ಇವೆ. ಕಿಟಕಿಯ ಮೂಲೆಯಲ್ಲೋ ಹಿತ್ತಲ ಗೋಡೆಯ ಮೇಲೋ ಬೋರಲು ಹಾಕಿಟ್ಟ ಆ ಲೋಟ ಎಲ್ಲರಿಗೂ ಕಾಣುತ್ತದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ, ಅದರ ಆಚರಣೆ ಅಪರಾಧ. ಕಾನೂನಿನ ಮಾತನ್ನು ಬದಿಗಿಟ್ಟರೂ, ಆ ಲೋಟ ಇರುವ ಮನೆಯಲ್ಲಿ ಬಾಕಿ ಯಾವ ಉಪಚಾರವನ್ನೂ ನಾನು ಉಪಚಾರವೆಂದು ಒಪ್ಪಲಾರೆ. ನೀವು ಕುಡಿಯುವ ಲೋಟದಲ್ಲೇ ಅವರಿಗೂ ಕೊಡಿ, ನೀವು ಕೂರುವ ಕುರ್ಚಿಯಲ್ಲೇ ಕೂರಿಸಿ ಕೊಡಿ.

ಮೂರನೇ ಹೆಜ್ಜೆ: ನಾವೇ ಇನ್ನೊಬ್ಬರ ಮನೆಗೆ ಹೋದಾಗ

ಫೋನು ಮಾಡಿ ಹೋಗಿ. ಊಟಕ್ಕೆ ಕರೆದಿಲ್ಲವಾದರೆ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬೇಡ. ಒಲೆ ಆರಿಸಿ ಈಗಷ್ಟೇ ಬೆನ್ನು ನೆಲಕ್ಕೆ ಹಾಕಿದ ಗೃಹಿಣಿ ಮತ್ತೆ ಎದ್ದು ಅನ್ನಕ್ಕೆ ಇಡಬೇಕಾಗುತ್ತದೆ. ಬರಿಗೈಯಲ್ಲಿ ಹೋಗಬೇಡಿ. ಒಂದು ಡಜನ್ ಬಾಳೆಹಣ್ಣು, ಒಂದು ಮಾರು ಹೂವು, ಮಕ್ಕಳಿದ್ದರೆ ಒಂದು ಬಿಸ್ಕತ್ತಿನ ಪೊಟ್ಟಣ ಧಾರಾಳವಾಯಿತು. ದೊಡ್ಡ ಉಡುಗೊರೆ ಒಯ್ದರೆ ಅವರಿಗೆ ಅದನ್ನು ತೀರಿಸುವ ಹೊರೆ ಬೀಳುತ್ತದೆ.

ಚಪ್ಪಲಿಯನ್ನು ಬಾಗಿಲಿಗೆ ಅಡ್ಡವಾಗದಂತೆ ಗೋಡೆಯ ಬದಿಗೆ ಜೋಡಿಸಿ ಬಿಡಿ. ಹೊಸ್ತಿಲನ್ನು ತುಳಿಯದೆ ದಾಟಿ. ಒಳಕೋಣೆಗಳ ಕಡೆ ಕಣ್ಣು ಹಾಯಿಸಬೇಡಿ, ಕರೆಯದೆ ಅಡುಗೆಮನೆಗೆ ಕಾಲಿಡಬೇಡಿ. ಕೊಡುವಾಗ, ತೆಗೆದುಕೊಳ್ಳುವಾಗ ಬಲಗೈ. ಯಾರಿಗಾದರೂ ಕಾಲು ತಾಗಿದರೆ ತಕ್ಷಣ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಿ.

ಮಾತಿನಲ್ಲಿ ಯಾವುದನ್ನು ಮುಟ್ಟಬಾರದು ಎಂಬುದೇ ಇಲ್ಲಿ ಮುಖ್ಯ. ಸಂಬಳ, ಮನೆ ಕಟ್ಟಿದ ಖರ್ಚು, ಮಗನ ಪರೀಕ್ಷೆಯ ಅಂಕ, ಮಗಳ ಮದುವೆ. ಇವೆಲ್ಲಕ್ಕಿಂತ ನೋಯಿಸುವುದು ಮದುವೆಯಾದ ಹುಡುಗಿಗೆ ಕೇಳುವ "ಏನಾದರೂ ವಿಶೇಷ ಇದೆಯಾ?" ಎಂಬ ಪ್ರಶ್ನೆ. ಕೇಳುವವರ ಮುಖದಲ್ಲಿ ನಗುವಿರುತ್ತದೆ, ಮನಸ್ಸಿನಲ್ಲಿ ಕೆಟ್ಟದ್ದೂ ಇರುವುದಿಲ್ಲ. ಆದರೆ ಮೂರು ವರ್ಷದಿಂದ ಆಸ್ಪತ್ರೆಗೆ ಅಲೆಯುತ್ತಿರುವವಳು, ಹೋದ ತಿಂಗಳಷ್ಟೇ ಗರ್ಭ ಕಳೆದುಕೊಂಡವಳು ಆ ಪ್ರಶ್ನೆಯನ್ನು ತಟ್ಟೆ ಹಿಡಿದು ನಿಂತು ಎದುರಿಸಬೇಕಾಗುತ್ತದೆ. ವಿಶೇಷವಿದ್ದರೆ ಅವಳೇ ಹೇಳುತ್ತಾಳೆ. ಅಲ್ಲಿಯವರೆಗೆ ಸುಮ್ಮನಿರುವುದೇ ಪ್ರೀತಿ.

ಹೊರಡುವಾಗ "ಹೋಗುತ್ತೇನೆ" ಎನ್ನಬಾರದು, "ಹೋಗಿ ಬರುತ್ತೇನೆ" ಎನ್ನಬೇಕು. ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ತಡೆಯುವುದೂ ನಮ್ಮಲ್ಲಿ ಸಲ್ಲದು. ತಿಳಿಯಲೇಬೇಕಿದ್ದರೆ "ದೂರ ಹೊರಟಿರಾ?" ಎನ್ನುತ್ತಾರೆ. ಹೇಳಬೇಕೆನಿಸಿದರೆ ಅವರು ಊರಿನ ಹೆಸರು ಹೇಳುತ್ತಾರೆ, ಇಲ್ಲವಾದರೆ "ಇಲ್ಲೇ ಬಂದೆ" ಎಂದು ನಡೆಯುತ್ತಾರೆ. ಹೇಳದಿರುವ ಹಕ್ಕನ್ನೂ ಆ ಪ್ರಶ್ನೆಯೊಳಗೇ ಇಟ್ಟ ಹಿರಿಯರ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

ಬೀಳ್ಕೊಡುವಾಗ ಹೆಣ್ಣುಮಕ್ಕಳಿಗೆ ಅರಿಶಿನ ಕುಂಕುಮ ಕೊಡುವ ಪದ್ಧತಿಯಿದೆ. ಐವರು ಹೆಂಗಸರು ಹೊರಟು ನಿಂತಾಗ ತಟ್ಟೆ ನಾಲ್ವರ ಮುಂದೆ ನಿಂತು ಐದನೆಯವರನ್ನು ದಾಟಿಹೋಗುತ್ತದೆ, ಅವರು ಗಂಡನನ್ನು ಕಳೆದುಕೊಂಡವರೆಂಬ ಕಾರಣಕ್ಕೆ. ಅವರು ಆ ಕ್ಷಣ ಸೀರೆಯ ಸೆರಗನ್ನೋ ಕೈಚೀಲವನ್ನೋ ಸರಿಪಡಿಸಿಕೊಳ್ಳುವಂತೆ ನಟಿಸುತ್ತಾರೆ. ನಮ್ಮ ಮನೆಯಲ್ಲಿ ಆ ತಟ್ಟೆ ಯಾರನ್ನೂ ದಾಟುವುದಿಲ್ಲ. ಬಂದವರೆಲ್ಲರಿಗೂ ಹೂವು, ಎಲೆ ಅಡಿಕೆ, ಹಣ್ಣು ಕೊಟ್ಟು ಕುಂಕುಮದ ಬಟ್ಟಲನ್ನು ಮುಂದಿಡುತ್ತೇವೆ. ಹಚ್ಚಿಕೊಳ್ಳುವುದು ಬಿಡುವುದು ಅವರಿಗೆ ಸೇರಿದ್ದು.

ನಾಲ್ಕನೇ ಹೆಜ್ಜೆ: ಎಲೆಯ ಮುಂದೆ

ಜೋಳದ ರೊಟ್ಟಿಯ ಸೀಮೆಯೂ ರಾಗಿ ಮುದ್ದೆಯ ಸೀಮೆಯೂ ಕೂಡುವ ಜಾಗ ನಮ್ಮದು. ಹಾಗಾಗಿ ಯಾರ ಮನೆಯಲ್ಲಿ ಯಾವುದು ಬರುತ್ತದೆಂದು ಹೇಳಲಾಗದು. ಬಂದದ್ದನ್ನು ಇನ್ನೊಂದು ಮನೆಯ ಊಟದೊಂದಿಗೆ ಹೋಲಿಸಬೇಡಿ. ಮಾಂಸ ತಿನ್ನುವುದಿಲ್ಲ, ಈರುಳ್ಳಿ ತಿನ್ನುವುದಿಲ್ಲ, ಉಪವಾಸವಿದೆ ಎಂಬುದನ್ನು ಆಹ್ವಾನ ಒಪ್ಪಿಕೊಳ್ಳುವಾಗಲೇ ಹೇಳಿ, ಎಲೆ ಹಾಕಿದ ಮೇಲಲ್ಲ. ರಂಜಾನಿನಲ್ಲಿ ಇಫ್ತಾರಿಗೆ ಕರೆದರೆ ಮಾಂಸ ತಿನ್ನದವರೂ ಹೋಗಬೇಕು. ಖರ್ಜೂರ, ಹಣ್ಣು ಎಲ್ಲರೂ ತಿನ್ನಬಹುದಾದವು, ಹೋಗದಿರಲು ಅದು ನೆಪವಾಗಬಾರದು.

ಬಡಿಸುವವರು ಸ್ವಲ್ಪ ಸ್ವಲ್ಪ ಬಡಿಸಿ, ಮತ್ತೆ ಮತ್ತೆ ಬನ್ನಿ. ಒಂದೇ ಸಲ ರಾಶಿ ಹಾಕಿದರೆ ತಿನ್ನಲಾಗದೆ ಬಿಟ್ಟವರಿಗೆ ಅಪರಾಧಿ ಭಾವ. "ಸಾಕು" ಎಂಬುದನ್ನು ಮೊದಲ ಸಲ ನಂಬಬೇಡಿ, ಎರಡನೇ ಸಲ ಅನುಮಾನಿಸಿ, ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ನಿಲ್ಲಿಸಿ. ಆಮೇಲೂ ಕೈಯ ಸಂದಿಯಲ್ಲಿ ಹೋಳಿಗೆ ತುರುಕುವುದು ಒತ್ತಾಯದ ಹೆಸರಿನ ಹಿಂಸೆ. ಉಣ್ಣುವವರು ಪಂಕ್ತಿಯಲ್ಲಿ ಹಿರಿಯರು ಕೈ ಹಾಕುವವರೆಗೆ ಕಾಯಿರಿ, ಪಕ್ಕದವರು ಮುಗಿಸುವ ಮೊದಲು ಏಳಬೇಡಿ. ಅನಿವಾರ್ಯವಾದರೆ ಹೇಳಿ ಏಳಿ. ಸಿರಿಗೆರೆಯಂಥ ಮಠಗಳ ದಾಸೋಹದಲ್ಲಿ ಕುಳಿತು ಉಂಡವರಿಗೆ ಈ ಶಿಸ್ತು ಗೊತ್ತು. ಪಕ್ಕದಲ್ಲಿ ಯಾರು ಬಂದು ಕುಳಿತರೆಂದು ಅಲ್ಲಿ ಯಾರೂ ನೋಡುವುದಿಲ್ಲ, ಎಲೆಯಲ್ಲಿ ಅನ್ನ ಬಿಟ್ಟರೆ ಎಲ್ಲರೂ ನೋಡುತ್ತಾರೆ.

ಐದನೇ ಹೆಜ್ಜೆ: ಬೆಣ್ಣೆ ದೋಸೆಯ ಮೇಜು, ಬಸ್ಸಿನ ಸೀಟು

ಭಾನುವಾರ ಬೆಳಿಗ್ಗೆ ದಾವಣಗೆರೆಯ ಯಾವುದೇ ಬೆಣ್ಣೆ ದೋಸೆ ಹೋಟೆಲಿಗೆ ಹೋಗಿ. ಜಾಗ ಚಿಕ್ಕದು, ಜನ ಹೆಚ್ಚು. ಉಣ್ಣುವವರ ಕುರ್ಚಿಯ ಬೆನ್ನಿಗೆ ಕೈಯಿಟ್ಟು, ಅವರ ತಟ್ಟೆಯನ್ನೇ ನೋಡುತ್ತ ನಿಂತವರು ಕಾಣುತ್ತಾರೆ. ಕೂತವರಿಗೆ ಚಟ್ನಿ ಇನ್ನೊಂದು ಸಲ ಹಾಕಿಸಿಕೊಳ್ಳಬೇಕೆಂಬ ಆಸೆಯಿದ್ದರೂ ಬೆನ್ನ ಹಿಂದಿನ ಉಸಿರಿಗೆ ಅಂಜಿ ಎದ್ದುಬಿಡುತ್ತಾರೆ. ಕಾಯುವವರು ಎರಡು ಹೆಜ್ಜೆ ದೂರದಲ್ಲಿ, ಸಾಧ್ಯವಾದರೆ ಗಲ್ಲಾಪೆಟ್ಟಿಗೆಯ ಬಳಿ ನಿಲ್ಲಿ. ನಿಮಗಿಂತ ಮೊದಲು ಬಂದವರು ಯಾರೆಂದು ನೋಡಿಕೊಳ್ಳಿ, ಕುರ್ಚಿ ಖಾಲಿಯಾದರೆ "ನಿಮ್ಮದು ಮೊದಲು" ಎಂದು ಅವರನ್ನು ಕಳಿಸಿ. ತಿಂದವರು ಕಾಯುವವರಿದ್ದಾಗ ಕೈತೊಳೆದು ಏಳಬೇಕು, ಅಡಿಕೆ ಧಾರಣೆಯ ಮಾತನ್ನು ಹೊರಗೆ ನಿಂತು ಮುಂದುವರಿಸಬಹುದು. ಖಾಲಿ ಕುರ್ಚಿಯಾದರೂ ಎದುರಿಗೆ ಕುಳಿತವರನ್ನು "ಇಲ್ಲಿ ಯಾರಾದರೂ ಇದ್ದಾರಾ?" ಎಂದು ಕೇಳಿಯೇ ಕುಳಿತುಕೊಳ್ಳಿ. ದೋಸೆ ಹಾಕುವವರು ಕಟ್ಟಿಗೆ ಒಲೆಯ ಝಳದಲ್ಲಿ ನಿಂತಿರುತ್ತಾರೆ. ಹೊರಡುವಾಗ ಅವರ ಕಡೆ ತಿರುಗಿ "ದೋಸೆ ಚೆನ್ನಾಗಿತ್ತು ಅಣ್ಣ" ಎಂದು ನೋಡಿ, ಆ ಮುಖ ಅರಳುವುದನ್ನು.

ಬಿಲ್ಲಿಗಾಗಿ ಗಲ್ಲಾದ ಮುಂದೆ ಎಳೆದಾಡುವುದು ನಮ್ಮ ಊರಿನ ನಿತ್ಯದ ನೋಟ. ಕರೆದವರು ಕೊಡಲಿ, ಬಂದವರು ಒಂದು ಸಲ ಮುಂದಾಗಿ, ಬಿಟ್ಟುಕೊಟ್ಟು, ಮುಂದಿನ ಸಲ ತಾವೇ ಕರೆಯಲಿ.

ಬಸ್ಸಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ಬಿಡೋಣ. ಕೂಸು ಎತ್ತಿಕೊಂಡವರು, ಮೊಣಕಾಲು ನೋವಿನವರು ಬಾಗಿಲಿನಿಂದಲೇ ಹತ್ತಬೇಕು, ಅವರ ಬಳಿ ಎಸೆಯಲು ಟವೆಲ್ ಇರುವುದಿಲ್ಲ. ಸೀಟು ಬಿಡುವಾಗ "ಕೂರುತ್ತೀರಾ?" ಎನ್ನಬೇಡಿ, ಎದ್ದು ನಿಂತುಬಿಡಿ. ಸೀಟು ಸಿಕ್ಕ ನೀವು ನಿಂತವರ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಳ್ಳಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದಾಗಿನಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. "ಬಿಟ್ಟಿ ಬಸ್ಸಿನವರು" ಎಂದು ಕೇಳಿಸುವಂತೆ ಗೊಣಗುವವರಿದ್ದಾರೆ. ಕೂಲಿಗೆ, ಕಾಲೇಜಿಗೆ, ತವರಿಗೆ ಹೊರಟ ಆ ಹೆಂಗಸರಿಗೆ ಅದು ಸರ್ಕಾರ ಕೊಟ್ಟ ಹಕ್ಕು, ನಮ್ಮ ಜೇಬಿನ ದಾನವಲ್ಲ. ಮೊಬೈಲಿನ ಸದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಆರನೇ ಹೆಜ್ಜೆ: ಮದುವೆಯ ಕರೆ, ಮುಯ್ಯಿ, ಕೈಗಡ

ಹತ್ತಿರದವರನ್ನು ಮನೆಗೆ ಹೋಗಿ, ಅರಿಶಿನ ಕುಂಕುಮವಿಟ್ಟು, ಅಕ್ಷತೆ ಕೊಟ್ಟು ಕರೆಯಬೇಕು. ದೂರದವರಿಗೆ ವಾಟ್ಸ್‌ಆ್ಯಪಿನಲ್ಲಿ ಪತ್ರಿಕೆ ಕಳಿಸಿದರೆ ತಪ್ಪಿಲ್ಲ, ಆದರೆ ಒಂದು ಫೋನು ಮಾಡಿ "ಪತ್ರಿಕೆ ಕಳಿಸಿದ್ದೇನೆ, ನೀವು ಬರಲೇಬೇಕು" ಎನ್ನಿ. ಎರಡು ನಿಮಿಷದ ಆ ಧ್ವನಿಯೇ ಅಕ್ಷತೆ. ಮನೆಯ ಯಜಮಾನರನ್ನಷ್ಟೇ ಅಲ್ಲ, ಒಳಗಿರುವ ಸೊಸೆಯನ್ನೂ ಮುದುಕಿಯನ್ನೂ ಹೆಸರು ಹಿಡಿದು ಕರೆಯಿರಿ.

ಮುಯ್ಯಿ ಬರೆಸುವಾಗ ನಿಮ್ಮ ಶಕ್ತಿಗೆ ತಕ್ಕಷ್ಟು ಬರೆಸಿ, ಹಿಂದಿನವರು ಬರೆಸಿದ ಅಂಕಿಯನ್ನು ಇಣುಕಬೇಡಿ. ಬರೆಯಲು ಕುಳಿತವರು ಮೊತ್ತವನ್ನು ಗಟ್ಟಿಯಾಗಿ ಓದಬಾರದು. ಐದು ನೂರು ಬರೆಸಿದವರ ಹಿಂದೆ ಐವತ್ತು ರೂಪಾಯಿ ಮುಷ್ಟಿಯಲ್ಲಿ ಹಿಡಿದು ನಿಂತವರಿರುತ್ತಾರೆ. ಅವರು ಒಂದು ದಿನದ ಕೂಲಿ ಬಿಟ್ಟು ಬಂದಿರುತ್ತಾರೆ. ನಮಗೆ ಮುಯ್ಯಿ ಮಾಡಿದವರ ಮನೆಯ ಕಾರ್ಯಕ್ಕೆ ನಾವೂ ತಪ್ಪದೆ ಹೋಗಬೇಕು. ಹಳೆಯ ಪುಸ್ತಕವನ್ನು ಜೋಪಾನವಾಗಿ ಇಡುವುದು ಅದಕ್ಕಾಗಿಯೇ.

ಕೈಗಡ ತೆಗೆದುಕೊಂಡರೆ ಹೇಳಿದ ದಿನದ ಹಿಂದಿನ ದಿನವೇ ಕೊಡಿ. ಆಗದಿದ್ದರೆ ಅದೇ ಹಿಂದಿನ ದಿನ ಹೋಗಿ, "ಇನ್ನೂ ಹದಿನೈದು ದಿನ ಬೇಕು" ಎಂದು ನೀವೇ ಹೇಳಿ. ಕೊಟ್ಟವರು ಕೇಳಲು ಎಷ್ಟು ಒದ್ದಾಡುತ್ತಾರೆಂಬುದು ಪಡೆದವರಿಗೆ ತಿಳಿಯುವುದಿಲ್ಲ. ನಿಮ್ಮನ್ನು ಕಂಡೊಡನೆ ಅವರು ದಾರಿ ಬದಲಿಸುವಂತಾದರೆ ಹಣಕ್ಕಿಂತ ದೊಡ್ಡದು ಹೋಯಿತು. ಹೆಪ್ಪಿಗೆ ಮೊಸರು ತಂದ ಬಟ್ಟಲನ್ನೂ ಖಾಲಿ ಹಿಂದಿರುಗಿಸಬೇಡಿ, ನಾಲ್ಕು ಕರಿಬೇವಿನ ಎಸಳಾದರೂ ಅದರಲ್ಲಿರಲಿ.

ಏಳನೇ ಹೆಜ್ಜೆ: ಆಸ್ಪತ್ರೆಯಲ್ಲಿ, ಸಾವಿನ ಮನೆಯಲ್ಲಿ

ಸುತ್ತಲಿನ ಜಿಲ್ಲೆಗಳ ಜನ ಚಿಕಿತ್ಸೆಗೆ ಬರುವ ಊರು ದಾವಣಗೆರೆ. ಹಾಗಾಗಿ ಇಲ್ಲಿರುವ ನಮಗೆ ತಿಂಗಳಿಗೊಬ್ಬ ನೆಂಟರಾದರೂ ಆಸ್ಪತ್ರೆಯಲ್ಲಿ ಇದ್ದೇ ಇರುತ್ತಾರೆ. ನೋಡಲು ಹೋದವರು ಹತ್ತು ನಿಮಿಷಕ್ಕಿಂತ ಹೆಚ್ಚು ಇರಬೇಡಿ. ಇದೇ ಕಾಯಿಲೆಯಿಂದ ತೀರಿಕೊಂಡ ಇನ್ನೊಬ್ಬರ ಕಥೆಯನ್ನು ಹೇಳಲೇಬೇಡಿ. ಬಿಲ್ಲು ಎಷ್ಟಾಯಿತೆಂದು ಕೇಳಬೇಡಿ, ಬೇರೆ ಡಾಕ್ಟರ ಹೆಸರು ಸೂಚಿಸಬೇಡಿ. ಮಂಚದ ಮೇಲಿರುವವರಿಗೆ ಡಾಕ್ಟರೂ ನರ್ಸೂ ಇದ್ದಾರೆ. ಮಂಚದ ಕೆಳಗೆ ಚಾಪೆ ಹಾಸಿ ಮಲಗುವವರನ್ನು ನೋಡಿ. ಅವರು ನಾಲ್ಕು ದಿನದಿಂದ ಸರಿಯಾಗಿ ಸ್ನಾನ ಮಾಡಿರುವುದಿಲ್ಲ, ಹೊಟ್ಟೆ ತುಂಬ ಉಂಡಿರುವುದಿಲ್ಲ. ಎಳನೀರಿನ ಜೊತೆ ಅವರಿಗೊಂದು ಬುತ್ತಿ ಕಟ್ಟಿಕೊಂಡು ಹೋಗಿ. ರೊಟ್ಟಿ, ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರನ್ನ. "ನಾನು ಇಲ್ಲಿ ಎರಡು ಗಂಟೆ ಕೂರುತ್ತೇನೆ, ನೀವು ನಮ್ಮ ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ" ಎಂದು ಮನೆಯ ಬೀಗದ ಕೈ ಕೊಡಿ. "ಏನಾದರೂ ಬೇಕಿದ್ದರೆ ಹೇಳಿ" ಎಂಬ ಮಾತು ಕೇಳಲು ಚೆಂದ, ಆದರೆ ಯಾರೂ ಹೇಳುವುದಿಲ್ಲ.

ಸಾವಿನ ಸುದ್ದಿ ಬಂದರೆ ಕರೆಗಾಗಿ ಕಾಯಬಾರದು. ಮದುವೆಗೆ ಕರೆದರೆ ಹೋಗಬೇಕು, ಮಣ್ಣಿಗೆ ಕರೆಯದೆ ಹೋಗಬೇಕು. ಮುನಿಸಿದ್ದವರೂ ಹೋಗಬೇಕು. ಹೋದಾಗ ಮಾತು ಕಡಿಮೆ ಇರಲಿ. ಹೇಗಾಯಿತು, ಎಷ್ಟು ಹೊತ್ತಿಗಾಯಿತು, ಮೊದಲೇ ಆಸ್ಪತ್ರೆಗೆ ಏಕೆ ಒಯ್ಯಲಿಲ್ಲ ಎಂದು ಬಂದವರೆಲ್ಲ ಕೇಳಿದರೆ, ಮಗಳು ತಂದೆಯ ಕೊನೆಯ ಗಳಿಗೆಯನ್ನು ಒಂದು ದಿನದಲ್ಲಿ ಐವತ್ತು ಸಲ ಅನುಭವಿಸಬೇಕಾಗುತ್ತದೆ. ಸುಮ್ಮನೆ ಪಕ್ಕದಲ್ಲಿ ಕೂರಿ, ಕೈ ಹಿಡಿಯಿರಿ. ಹೊರಡುವಾಗ "ಹೋಗಿ ಬರುತ್ತೇನೆ" ಎನ್ನುವ ರೂಢಿ ಈ ಒಂದು ಮನೆಗೆ ಅನ್ವಯಿಸುವುದಿಲ್ಲ, ಹೇಳದೆ ಎದ್ದು ಬರಬೇಕು. ಆ ಮನೆಯಲ್ಲಿ ಅಂದು ಒಲೆ ಹೊತ್ತುವುದಿಲ್ಲ. ನೆರೆಯವರು ಅನ್ನ ಸಾರು ಮಾಡಿ ಕಳಿಸುವ ಪದ್ಧತಿ ಹಳ್ಳಿಗಳಲ್ಲಿದೆ, ಬಡಾವಣೆಗಳಿಗೂ ಅದನ್ನು ತರಬೇಕು. ಮಕ್ಕಳಿಗೆ ಮೊದಲು ಉಣಿಸಿ.

ಮೊದಲ ದಿನ ಜನ ತುಂಬಿರುತ್ತಾರೆ. ಶಿವಗಣಾರಾಧನೆಯೋ ತಿಥಿಯೋ ಮುಗಿದ ಮೇಲೆ ಆ ಮನೆಯ ಕಡೆ ತಲೆಹಾಕುವವರಿಲ್ಲ. ತಿಂಗಳ ನಂತರ ಒಂದು ಸಂಜೆ ಹೋಗಿ ಮಾತಾಡಿಸಿ ಬನ್ನಿ. ಬ್ಯಾಂಕಿನ ಕಾಗದ, ಪಿಂಚಣಿಯ ಅರ್ಜಿ ತುಂಬಲು ಗೊತ್ತಿದ್ದರೆ ಪೆನ್ನು ಜೊತೆಗಿಟ್ಟುಕೊಂಡು ಹೋಗಿ.

ಎಂಟನೇ ಹೆಜ್ಜೆ: ತಪ್ಪಾದಾಗ

ಇಷ್ಟೆಲ್ಲ ತಿಳಿದಿದ್ದೂ ಮಾತು ಜಾರುತ್ತದೆ. ಆಗ ಕ್ಷಮೆ ಕೇಳುವ ಕ್ರಮವಿದೆ. ಆದಷ್ಟು ಬೇಗ, ಎದುರಿಗೆ ಹೋಗಿ, ಯಾವ ಮಾತು ತಪ್ಪಾಯಿತೋ ಅದನ್ನೇ ಹೆಸರಿಸಿ ಹೇಳಬೇಕು. "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಎಂಬುದು ಕ್ಷಮೆಯಲ್ಲ, ಬೇಜಾರಾದದ್ದು ಅವರ ತಪ್ಪು ಎಂದಂತೆ. "ಆದರೆ" ಎಂಬ ಪದ ಬಂದ ಕೂಡಲೇ ಹಿಂದಿನದೆಲ್ಲ ಅಳಿಸಿಹೋಗುತ್ತದೆ. ನಾಲ್ವರ ಮುಂದೆ ಅವಮಾನ ಮಾಡಿದ್ದರೆ ಆ ನಾಲ್ವರ ಮುಂದೆಯೇ ಕೇಳಬೇಕು.

ಬೇಗ ಹೋಗಲು ಮನಸ್ಸು ಒಪ್ಪದಿದ್ದವರಿಗೆ ನಮ್ಮ ಹಿರಿಯರು ವರ್ಷಕ್ಕೊಂದು ಬಾಗಿಲು ತೆರೆದಿಟ್ಟಿದ್ದಾರೆ. ವಿಜಯದಶಮಿಯ ಸಂಜೆ ಬನ್ನಿ ಎಲೆ ಹಿಡಿದು ಯಾರ ಮನೆಗಾದರೂ ಹೋಗಬಹುದು. "ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ" ಎಂದು ಎಲೆ ಕೈಗಿಟ್ಟರೆ ಬೇಡ ಎನ್ನುವವರಿಲ್ಲ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ಬಂದ ಕಾರಣವನ್ನು ಯಾರೂ ವಿವರಿಸಬೇಕಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬಚ್ಚಲಿನ ನೀರು ಪಕ್ಕದ ಮನೆಯ ಗೋಡೆಗೆ ಬೀಳುತ್ತಿದೆಯೆಂದು ಅಲ್ಲಿಯ ಅಕ್ಕ ಹೇಳಲು ಬಂದಾಗ, ನಾನು ಬಾಗಿಲಲ್ಲೇ ನಿಂತು ಒರಟಾಗಿ ಮಾತಾಡಿ ಕಳಿಸಿದ್ದೆ. ಒಳಗೆ ಕರೆಯಲಿಲ್ಲ, ಕೂರಿಸಲಿಲ್ಲ, ನೀರು ಕೊಡಲಿಲ್ಲ. ನಾಲ್ಕು ತಿಂಗಳು ಮಾತಿರಲಿಲ್ಲ. ಆ ದಸರೆಯಲ್ಲಿ ಬನ್ನಿ ಹಿಡಿದು ಹೋದೆ. ಅವರು ಗೇಟಿನ ಸದ್ದಿಗೆ ಹೊರಬಂದು, ಏನು ಎಂದು ಕೇಳದೆ, ವರಾಂಡದ ಕುರ್ಚಿಯ ಮೇಲಿದ್ದ ಪತ್ರಿಕೆ ಎತ್ತಿ ಸೆರಗಿನಿಂದ ಒರೆಸಿದರು. "ಅವತ್ತು ನಿಮ್ಮನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ್ದು ನನ್ನ ತಪ್ಪು ಅಕ್ಕ" ಎಂದೆ. "ಕೂತುಕೊಳ್ಳಿ, ಚಹಾ ಇಟ್ಟಿದ್ದೇನೆ" ಎಂದರು. ಗೋಡೆಯ ಮಾತನ್ನು ಅವರು ಎತ್ತಲಿಲ್ಲ. ಮರುದಿನ ಪ್ಲಂಬರನ್ನು ಕರೆಸಿ ಪೈಪಿನ ಬಾಯಿಯನ್ನು ನಮ್ಮ ಅಂಗಳದ ಕಡೆಗೆ ತಿರುಗಿಸಿದೆವು, ಅವರ ಗೋಡೆಗೆ ಸುಣ್ಣವನ್ನೂ ನಾವೇ ಬಳಿಸಿದೆವು.